ರಾಣಿಯ ಪಾದದಡಿ ಆಕ್ಸ್‌ಫರ್ಡ್‌ಶೈರ್: ಮಾರ್ಕಸ್ ಗೇರಾರ್ಟ್ಸ್ ನಿಜಕ್ಕೂ ಅರಮನೆಯ ಚಿತ್ರಕಾರನೇ?

ಕುಂಚಮಿತ್ರ

ಮೊದಲನೆಯ ಎಲಿಜಬೆತ್ ರಾಣಿಯ ಭಾವಚಿತ್ರಗಳಲ್ಲಿ ‘ಡಿಚ್ಲಿ ಚಿತ್ರ’ ಎಂದು ಹೆಸರಾದದ್ದು ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿದೆ. ಎತ್ತರ 241 ಸೆಂಟಿಮೀಟರ್, ಅಗಲ 152. ಬಿಳಿಯ ಉಡುಪು ತೊಟ್ಟ ರಾಣಿಯ ಒಂದು ಕೈಯಲ್ಲಿ ಬೀಸಣಿಗೆ, ಇನ್ನೊಂದರಲ್ಲಿ ಕೈಗವಸು. ಆಕೆ ನಿಂತಿರುವುದು ಅರಮನೆಯ ನೆಲಗಂಬಳಿಯ ಮೇಲಲ್ಲ, ಇಂಗ್ಲೆಂಡಿನ ನಕ್ಷೆಯ ಮೇಲೆ. ಪಾದ ಊರಿರುವುದು ಆಕ್ಸ್‌ಫರ್ಡ್‌ಶೈರ್ ಪ್ರಾಂತದಲ್ಲಿ. ಚಿತ್ರ ಬರೆಸಿದ ಸರ್ ಹೆನ್ರಿ ಲೀಯ ಡಿಚ್ಲಿ ಬಂಗಲೆ ಇದ್ದದ್ದು ಅಲ್ಲಿಯೇ. ಬೆನ್ನ ಹಿಂದೆ ಒಂದು ಬದಿಯ ಆಕಾಶದಲ್ಲಿ ಸಿಡಿಲು, ಇನ್ನೊಂದು ಬದಿಯಲ್ಲಿ ತಿಳಿಯಾದ ಬೆಳಕು.

ಬರೆದವನು ಮಾರ್ಕಸ್ ಗೇರಾರ್ಟ್ಸ್, ಅದೇ ಹೆಸರಿನ ತಂದೆಯಿಂದ ಗುರುತು ಬೇರೆ ಮಾಡಲು ‘ಕಿರಿಯ’ ಎನ್ನುತ್ತಾರೆ. ಹುಟ್ಟಿದ್ದು ಸುಮಾರು 1561ರಲ್ಲಿ, ಫ್ಲಾಂಡರ್ಸ್‌ನ ಬ್ರೂಜ್ ಪಟ್ಟಣದಲ್ಲಿ. ತೀರಿಕೊಂಡದ್ದು 1636ರ ಜನವರಿ 19ರಂದು, ಲಂಡನ್ನಿನಲ್ಲಿ. ಹಾಲ್ಬೈನ್ ಮತ್ತು ವ್ಯಾನ್ ಡೈಕ್ ಹೆಸರನ್ನು ನಮ್ಮಲ್ಲಿ ಕಲೆಯ ಬಗ್ಗೆ ಓದುವವರೆಲ್ಲ ಕೇಳಿರುತ್ತಾರೆ. ಅವರಿಬ್ಬರ ನಡುವೆ ಲಂಡನ್ನಿನಲ್ಲಿ ಆಳೆತ್ತರದ ಭಾವಚಿತ್ರದ ರೀತಿಯನ್ನೇ ಬದಲಿಸಿದ ಈತನ ಬಗ್ಗೆ ಮಾತು ಕಡಿಮೆ. ಅದಕ್ಕಾಗಿಯೇ ಈ ಚರ್ಚೆ ಆರಂಭಿಸುತ್ತಿದ್ದೇನೆ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಎಲಿಜಬೆತ್ ಕಾಲದಲ್ಲಿ ಈತನಿಗೆ ಅರಮನೆಯಲ್ಲಿ ಹುದ್ದೆ ಇರಲಿಲ್ಲ. ಈತನನ್ನು ಬೆಳೆಸಿದ್ದು ನಿವೃತ್ತನಾದ ಒಬ್ಬ ಹಳೆಯ ಆಸ್ಥಾನಿಕ ಮತ್ತು ಲಂಡನ್ನಿನ ವಲಸಿಗರ ನೆಂಟಸ್ತಿಕೆ. ಕಲಾವಿದನ ಬದುಕನ್ನು ‘ರಾಜಾಶ್ರಯ’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುವುದು ನಮ್ಮ ಅಭ್ಯಾಸ. ಈತನ ವಿಷಯದಲ್ಲಿ ಆ ಮಾತು ಸಾಲುವುದಿಲ್ಲ. ಒಪ್ಪದವರು ದಯವಿಟ್ಟು ಬರೆಯಿರಿ.

ಹಳೆಯ ಓದುಗ

ವಾದದ ಮೊದಲರ್ಧವನ್ನು ಒಪ್ಪುತ್ತೇನೆ, ಆದರೆ ತಂದೆಯನ್ನು ಬಿಟ್ಟು ಆರಂಭಿಸುವುದು ಸರಿಯಲ್ಲ. ಹಿರಿಯ ಗೇರಾರ್ಟ್ಸ್ ಬ್ರೂಜ್‌ನಲ್ಲಿ ದೊಡ್ಡ ಹೆಸರು. 1562ರಲ್ಲಿ ಆತ ಹತ್ತು ತಾಮ್ರದ ಹಲಗೆಗಳಲ್ಲಿ ಕೊರೆದ ಬ್ರೂಜ್ ಪಟ್ಟಣದ ನಕ್ಷೆ ಇಂದಿಗೂ ಇತಿಹಾಸಕಾರರಿಗೆ ಆಧಾರ. ಹಕ್ಕಿಯೊಂದು ಮೇಲಿಂದ ನೋಡಿದರೆ ಕಾಣುವ ಹಾಗೆ ಒಂದೊಂದು ಓಣಿ, ಕಾಲುವೆ, ಗೋಪುರವನ್ನೂ ಕೊರೆದಿದ್ದಾನೆ. ಆತ ಪ್ರಾಟೆಸ್ಟೆಂಟ್ ಪಂಥಕ್ಕೆ ಸೇರಿದವನು. ಸ್ಪೇನಿನ ದೊರೆಯ ಪರವಾಗಿ ಆಲ್ಬಾದ ಡ್ಯೂಕ್ 1567ರಲ್ಲಿ ಸೇನೆಯೊಂದಿಗೆ ಬಂದು ಮತದ್ರೋಹಿಗಳ ಬೇಟೆಗೆ ಇಳಿದಾಗ ಊರು ಬಿಡದೆ ಬೇರೆ ದಾರಿ ಇರಲಿಲ್ಲ. ಮಗನ ಕೈ ಹಿಡಿದುಕೊಂಡು ಲಂಡನ್ ಸೇರಿದ. ಹೆಂಡತಿ ಯೋಹಾನ್ನಾ ಕ್ಯಾಥೊಲಿಕ್. ಆಕೆ ಬ್ರೂಜ್‌ನಲ್ಲಿಯೇ ಉಳಿದಳು.

ಆರೇಳು ವರ್ಷದ ಹುಡುಗ. ತಾಯಿ ಒಂದು ಪಂಥ, ತಂದೆ ಇನ್ನೊಂದು ಪಂಥ, ನಡುವೆ ಕಡಲು. ಕಿರಿಯ ಗೇರಾರ್ಟ್ಸ್‌ನ ಬದುಕಿನ ಯಾವ ವಿವರಣೆಯೂ ಈ ಸಂಗತಿಯನ್ನು ಹಗುರಾಗಿ ದಾಟಿ ಹೋಗಬಾರದು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಇನ್ನೊಂದು ಮಾತು. ನಕ್ಷೆ ಕೊರೆಯುವವನ ಮಗ ಬೆಳೆದು ರಾಣಿಯನ್ನು ನಕ್ಷೆಯ ಮೇಲೆ ನಿಲ್ಲಿಸಿದ. ಡಿಚ್ಲಿ ಚಿತ್ರದ ನಕ್ಷೆಗೆ ಆಧಾರ ಕ್ರಿಸ್ಟೋಫರ್ ಸ್ಯಾಕ್ಸ್‌ಟನ್ ತಯಾರಿಸಿದ ಇಂಗ್ಲೆಂಡಿನ ನಕ್ಷೆಗಳು. ಆ ಕಲ್ಪನೆ ಹೆನ್ರಿ ಲೀಯದೇ ಇರಬಹುದು. ಆದರೂ ಪ್ರಾಂತ ಪ್ರಾಂತಕ್ಕೆ ಬೇರೆ ಬಣ್ಣ ಕೊಟ್ಟು, ನದಿಗಳನ್ನು ಎಳೆದು, ಅದರ ಮೇಲೆ ಆಳೆತ್ತರದ ಹೆಂಗಸನ್ನು ಎಲ್ಲಿಯೂ ಎಡವದಂತೆ ನಿಲ್ಲಿಸುವ ಧೈರ್ಯ ಬಂದದ್ದು ತಂದೆಯ ಮನೆಯಲ್ಲಿ ನೋಡಿ ಕಲಿತದ್ದರಿಂದ ಎಂದೇ ನಾನು ತಿಳಿದಿದ್ದೇನೆ.

ನೆರಳು ಬೆಳಕು

ನೆಂಟಸ್ತಿಕೆ ಎಂದಿರಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುವಿರಾ? ನನಗೆ ಡೆ ಕ್ರಿಟ್ಜ್, ಆಲಿವರ್, ಗೇರಾರ್ಟ್ಸ್ ಎಲ್ಲ ಹೆಸರುಗಳೂ ಒಂದರೊಳಗೊಂದು ಸಿಕ್ಕಿಕೊಂಡಿವೆ.

ಕುಂಚಮಿತ್ರ

ಸಿಕ್ಕಿಕೊಂಡಿರುವುದು ನಿಜ, ಏಕೆಂದರೆ ಅವರೆಲ್ಲ ಒಂದೇ ಬಂಧುಬಳಗ.

ಡೆ ಕ್ರಿಟ್ಜ್ ಮನೆತನ ಆಂಟ್‌ವರ್ಪ್‌ನಿಂದ ಓಡಿ ಬಂದದ್ದು. ತಂದೆ ಗೇರಾರ್ಟ್ಸ್ 1571ರಲ್ಲಿ ಲಂಡನ್ನಿನಲ್ಲಿ ಮತ್ತೆ ಮದುವೆಯಾದ. ಹೆಣ್ಣು ಸುಸಾನಾ ಡೆ ಕ್ರಿಟ್ಜ್. ಮಗ 1590ರಲ್ಲಿ ಮದುವೆಯಾದ. ಹೆಣ್ಣು ಅದೇ ಮನೆತನದ ಮ್ಯಾಗ್ಡಲೀನಾ, ಚಿತ್ರಕಾರ ಜಾನ್ ಡೆ ಕ್ರಿಟ್ಜ್‌ನ ತಂಗಿ. ಇನ್ನು ಸುಸಾನಾಳ ಹೊಟ್ಟೆಯಲ್ಲಿ ಹುಟ್ಟಿದ ಸಾರಾ, ಅಂದರೆ ಕಿರಿಯ ಗೇರಾರ್ಟ್ಸ್‌ನ ಮಲತಂಗಿ, 1602ರಲ್ಲಿ ಐಸಾಕ್ ಆಲಿವರ್‌ನ ಕೈ ಹಿಡಿದಳು. ಆಲಿವರ್ ಫ್ರಾನ್ಸಿನ ರೂಆನ್ ಪಟ್ಟಣದಿಂದ ಬಂದ ಹ್ಯೂಗೆನಾಟ್ (ಫ್ರೆಂಚ್ ಪ್ರಾಟೆಸ್ಟೆಂಟ್) ಮನೆತನದವನು, ಅಂಗೈಯಲ್ಲಿ ಹಿಡಿಯುವಂಥ ಕಿರುಚಿತ್ರಗಳಲ್ಲಿ ಎತ್ತಿದ ಕೈ. ಹೀಗೆ ಭಾವಮೈದುನರು ಮೂವರೂ ಚಿತ್ರಕಾರರು: ಒಬ್ಬನದು ಆಳೆತ್ತರದ ಚಿತ್ರ, ಒಬ್ಬನದು ಅಂಗೈಯಗಲದ ಚಿತ್ರ, ಇನ್ನೊಬ್ಬನದು ಸರಕಾರಿ ಹುದ್ದೆ.

ಆ ಹುದ್ದೆಯ ಬಗ್ಗೆಯೂ ಹೇಳಬೇಕು. ‘ಸಾರ್ಜೆಂಟ್ ಪೇಂಟರ್’ ಎಂಬುದು ಅರಮನೆಯ ಅಧಿಕೃತ ಸ್ಥಾನ. ಎಲಿಜಬೆತ್ ಕಾಲದಲ್ಲಿ ಜಾರ್ಜ್ ಗೋವರ್ ಅದರಲ್ಲಿದ್ದ. ಜೇಮ್ಸ್ ದೊರೆ ಬಂದ ಮೇಲೆ ಅದು ಜಾನ್ ಡೆ ಕ್ರಿಟ್ಜ್‌ಗೆ ದಕ್ಕಿತು. ಕೇಳಲು ಘನವಾಗಿದೆ. ಕೆಲಸ ಏನು? ರಾಜರ ದೋಣಿಗೆ ಬಣ್ಣ, ಸಾರೋಟಿಗೆ ಚಿನ್ನದ ಲೇಪ, ಸೂರ್ಯಗಡಿಯಾರಕ್ಕೆ ಅಂಕಿ, ಗೋಡೆ ಮಾಡುಗಳ ದುರಸ್ತಿ. ಭಾವಚಿತ್ರ ಅದರಲ್ಲಿ ಒಂದು ಪಾಲು ಮಾತ್ರ. ಹುದ್ದೆ ಇದ್ದವನು ದೋಣಿಗೆ ಬಣ್ಣ ಬಳಿಸುತ್ತಿದ್ದ, ಹುದ್ದೆ ಇಲ್ಲದವನು ರಾಣಿಯ ಮುಖ ಬರೆದ. ‘ಅರಮನೆಯ ಚಿತ್ರಕಾರ’ ಎಂಬ ಬಿರುದಿನ ಬಗ್ಗೆ ನನಗೆ ಅನುಮಾನ ಮೂಡಿದ್ದು ಇಲ್ಲಿಂದಲೇ.

ಗೋಳಗುಮ್ಮಟ

ಜಾನ್ ಡೆ ಕ್ರಿಟ್ಜ್ ಹೆಸರು ಬಂದದ್ದು ಒಳ್ಳೆಯದಾಯಿತು, ಏಕೆಂದರೆ ಆ ಬಳಗಕ್ಕೆ ನಮ್ಮ ದೇಶದೊಂದಿಗೆ ನೇರವಾದ ಕೊಂಡಿಯಿದೆ. ಜಹಾಂಗೀರನ ಆಸ್ಥಾನದ ಬಿಚಿತ್ರ್ ಬರೆದ ಪ್ರಸಿದ್ಧ ಚಿತ್ರವನ್ನು ನೀವೆಲ್ಲ ನೋಡಿರುತ್ತೀರಿ: ಬಾದಶಹ ಮರಳುಗಡಿಯಾರದ ಮೇಲೆ ಕುಳಿತು, ದೊರೆಗಳನ್ನು ಬದಿಗಿಟ್ಟು ಒಬ್ಬ ಸೂಫಿ ಸಂತನಿಗೆ ಗ್ರಂಥ ನೀಡುತ್ತಿದ್ದಾನೆ. ಎಡಗಡೆ ಕೆಳಗೆ ತುರ್ಕಿಯ ಸುಲ್ತಾನ, ಅವನ ಕೆಳಗೆ ಇಂಗ್ಲೆಂಡಿನ ಜೇಮ್ಸ್. ಆ ಜೇಮ್ಸ್‌ನ ಮುಖ ಬಿಚಿತ್ರ್ ಕಲ್ಪಿಸಿಕೊಂಡದ್ದಲ್ಲ. ಅದು ಡೆ ಕ್ರಿಟ್ಜ್‌ನ ಭಾವಚಿತ್ರದ ಮಾದರಿಯಿಂದ ಬಂದದ್ದು. 1615ರಿಂದ 1619ರವರೆಗೆ ಇಲ್ಲಿ ರಾಯಭಾರಿಯಾಗಿದ್ದ ಸರ್ ಥಾಮಸ್ ರೋ ತಂದ ಉಡುಗೊರೆಗಳಲ್ಲಿ ಇಂಥ ಚಿತ್ರಗಳಿದ್ದವು. ಒಮ್ಮೆ ಜಹಾಂಗೀರ್ ತನ್ನ ಚಿತ್ರಕಾರನಿಂದ ರೋನ ಒಂದು ಕಿರುಚಿತ್ರದ ನಕಲುಗಳನ್ನು ಬರೆಸಿ, ಮೂಲವನ್ನೂ ನಕಲುಗಳನ್ನೂ ಒಟ್ಟಿಗೆ ಅಂಟಿಸಿ ತೋರಿಸಿದನಂತೆ. ದೀಪದ ಬೆಳಕಿನಲ್ಲಿ ತನ್ನದು ಯಾವುದೆಂದು ಗುರುತಿಸಲು ಪರದಾಡಿದ್ದನ್ನು ರೋ ತನ್ನ ದಿನಚರಿಯಲ್ಲಿ ಬರೆದುಕೊಂಡಿದ್ದಾನೆ.

ನಮ್ಮ ಬಿಜಾಪುರದಲ್ಲಿಯೂ ಅದೇ ಕಾಲಕ್ಕೆ ಇಮ್ಮಡಿ ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನದಲ್ಲಿ ಹಾರ್ಲೆಮ್ ಊರಿನ ಚಿತ್ರಕಾರ ಕಾರ್ನೆಲಿಸ್ ಕ್ಲಾಸ್ ಹೇಡಾ ಇದ್ದ. 1610ರ ಸುಮಾರಿಗೆ ಬಂದವನು ಇಲ್ಲಿಯೇ ಉಳಿದು 1622ರಲ್ಲಿ ತೀರಿಕೊಂಡ. ಆತ ಫ್ಲೆಮಿಷ್ ಅಲ್ಲ, ಡಚ್ಚ. ಆದರೆ ಆ ತಗ್ಗುನಾಡುಗಳ (ಇಂದಿನ ಬೆಲ್ಜಿಯಂ, ಹಾಲೆಂಡ್) ಕುಂಚಗಾರರು ಯಾವ ಯಾವ ದೊರೆಯ ಬಾಗಿಲಿಗೆ ಹೋಗಿ ಮುಟ್ಟಿದರು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ವಿಜಯಪುರದವನಾಗಿ ಈ ಹೆಸರನ್ನು ಇಲ್ಲಿ ದಾಖಲಿಸದೆ ಇರಲು ನನ್ನಿಂದ ಆಗಲಿಲ್ಲ.

ಬಣ್ಣದ ಡಬ್ಬಿ

ನಾನು ತೈಲವರ್ಣದಲ್ಲಿ ಕೆಲಸ ಮಾಡುವವಳು. ಇಲ್ಲಿಯವರೆಗೆ ಯಾರೂ ಚಿತ್ರ ಬರೆಯುವ ಬಟ್ಟೆಯ, ಅಂದರೆ ಕ್ಯಾನ್ವಾಸಿನ ಮಾತು ಎತ್ತಲಿಲ್ಲ, ಅದಕ್ಕಾಗಿ ಬರೆಯುತ್ತಿದ್ದೇನೆ.

ಗೇರಾರ್ಟ್ಸ್‌ಗೆ ಮುಂಚೆ ಇಂಗ್ಲೆಂಡಿನಲ್ಲಿ ಭಾವಚಿತ್ರ ಎಂದರೆ ಹೆಚ್ಚಾಗಿ ಓಕ್ ಮರದ ಹಲಗೆಯ ಮೇಲೆ. ಆಳೆತ್ತರದ ಚಿತ್ರಕ್ಕೆ ಹಲವಾರು ಹಲಗೆಗಳನ್ನು ಜೋಡಿಸಬೇಕು, ತೂಕ ವಿಪರೀತ, ಹವೆ ಬದಲಾದಾಗ ಸಂದು ಬಿಡುತ್ತದೆ. ಕ್ಯಾನ್ವಾಸ್ ಹಗುರ, ಸುರುಳಿ ಸುತ್ತಿ ಗಾಡಿಯಲ್ಲಿ ಹೇರಬಹುದು, ಹಳ್ಳಿಯ ಬಂಗಲೆಗೆ ಸಾಗಿಸಬಹುದು. ಆಳೆತ್ತರದ ಕ್ಯಾನ್ವಾಸ್ ಭಾವಚಿತ್ರ ಆ ನಾಡಿನಲ್ಲಿ ಬೇರೂರಿದ್ದರಲ್ಲಿ ಈತನ ಪಾಲು ದೊಡ್ಡದು. ಡಿಚ್ಲಿ ಚಿತ್ರವನ್ನು ಮರದ ಮೇಲೆ ಊಹಿಸಿಕೊಳ್ಳಿ, ಅದರ ಕಷ್ಟ ತಾನಾಗಿ ತಿಳಿಯುತ್ತದೆ.

ಆದರೆ ಕ್ಯಾನ್ವಾಸಿಗೆ ಒಂದು ಅಪಾಯವಿದೆ, ಅದನ್ನು ಕತ್ತರಿಸುವುದು ಸುಲಭ. ಡಿಚ್ಲಿ ಚಿತ್ರದ ಬಲ ಅಂಚಿನಲ್ಲಿ ಸೂರ್ಯನನ್ನು ಕುರಿತ ಒಂದು ಸಾನೆಟ್ ಇದೆ. ಚಿತ್ರವನ್ನು ಮುಂದೆ ಯಾವಾಗಲೋ ಆ ಬದಿಯಲ್ಲಿ ಕತ್ತರಿಸಿದ್ದಾರೆ. ಹಾಗಾಗಿ ಪದ್ಯದ ಪ್ರತಿ ಸಾಲಿನ ಕೊನೆಯ ಪದಗಳು ಹೋಗಿವೆ. ಸಾಲು ಸಾಲಿಗೂ ಅರ್ಧಕ್ಕೆ ನಿಂತ ಆ ಅಕ್ಷರಗಳನ್ನು ದೊಡ್ಡದು ಮಾಡಿ ನೋಡಿದರೆ ಸಂಕಟವಾಗುತ್ತದೆ.

ಇನ್ನು ಮುಖದ ಬಣ್ಣ. ಆ ಕಾಲದ ಇಂಗ್ಲಿಷ್ ಭಾವಚಿತ್ರಗಳ ಮುಖಗಳು ಸುಣ್ಣ ಬಳಿದಂತೆ ಬಿಳಿಚಿಕೊಂಡಿರುವುದನ್ನು ನೋಡಿ ರಾಣಿಯ ಪ್ರಸಾಧನದ ಬಗ್ಗೆ ಕಥೆ ಕಟ್ಟುವವರಿದ್ದಾರೆ. ಕಾರಣ ಎಷ್ಟೋ ಸಲ ಬಣ್ಣದ್ದೇ. ಕೆನ್ನೆಗೆ ಬಳಸುತ್ತಿದ್ದ ಅರಗಿನಂಥ ಕೆಂಪು ವರ್ಣದ್ರವ್ಯಗಳು ಬೆಳಕಿಗೆ ಮಾಸಿ ಹೋಗುತ್ತವೆ, ಕೆಳಗಿನ ಸೀಸದ ಬಿಳಿ ಮಾತ್ರ ಉಳಿಯುತ್ತದೆ. ನೀಲಿ ಗಾಜಿನ ಪುಡಿಯಿಂದ ಮಾಡಿದ ಸ್ಮಾಲ್ಟ್ ಕೂಡ ಕಾಲ ಕಳೆದಂತೆ ಬೂದಿಬಣ್ಣಕ್ಕೆ ತಿರುಗುತ್ತದೆ. ಇಂದು ನಾವು ನೋಡುತ್ತಿರುವುದು ಆತ ಬರೆದ ಬಣ್ಣಗಳನ್ನಲ್ಲ, ನಾನೂರು ವರ್ಷ ತಡೆದುಕೊಂಡ ಬಣ್ಣಗಳನ್ನು.

ಪಶ್ಚಿಮವಾಹಿನಿ

ಒಂದು ನೇರ ಪ್ರಶ್ನೆ. ಡಿಚ್ಲಿ ಚಿತ್ರ ಹೊಗಳಿಕೆಯಲ್ಲದೆ ಮತ್ತೇನು? ಸಿಡಿಲು ಹಿಂದೆ, ಬಿಸಿಲು ಮುಂದೆ, ನಾಡು ಕಾಲ ಕೆಳಗೆ. ಇದು ಭಟ್ಟಂಗಿತನದ ಪರಾಕಾಷ್ಠೆ ಎಂದು ನನಗೆ ತೋರುತ್ತದೆ. ಕಲಾವಿದನ ಸ್ವಂತದ್ದು ಅದರಲ್ಲಿ ಎಲ್ಲಿದೆ?

ಕುಂಚಮಿತ್ರ

ಮುಖದಲ್ಲಿದೆ.

ಚಿತ್ರ ಸುಮಾರು 1592ರದು, ರಾಣಿಗೆ ಐವತ್ತೊಂಬತ್ತರ ಆಸುಪಾಸು. ಮುಖಕ್ಕೆ ಹತ್ತಿರ ಹೋಗಿ ನೋಡಿ. ಕೆನ್ನೆ ಒಳಸರಿದಿದೆ, ಕಣ್ಣಿನ ಕೆಳಗೆ ಚರ್ಮ ಸಡಿಲಾಗಿದೆ, ಗಲ್ಲ ಚೂಪಾಗಿದೆ, ತುಟಿ ತೆಳುವಾಗಿ ಬಿಗಿದಿದೆ. ವಯಸ್ಸಾದ, ಆಯಾಸಗೊಂಡ, ಆದರೆ ಯಾರಿಗೂ ಜಗ್ಗದ ಹೆಂಗಸು. ಇದೇ ಮಾದರಿಯಿಂದ ಮುಂದೆ ಹೊರಬಂದ ಪ್ರತಿಗಳಲ್ಲಿ ಆ ಮುಖವನ್ನು ಮೆತ್ತಗೆ ಮಾಡಿ ವಯಸ್ಸು ಇಳಿಸಿದ್ದಾರೆ. 1596ರಲ್ಲಿ ರಾಣಿಯ ಮಂತ್ರಿಮಂಡಲ ಅಂದಗೆಟ್ಟ ಚಿತ್ರಗಳನ್ನು ಹುಡುಕಿ ನಾಶ ಮಾಡಬೇಕೆಂದು ಆದೇಶ ಹೊರಡಿಸಿತು. ಆಮೇಲಿನ ವರ್ಷಗಳಲ್ಲಿ ನಿಕೋಲಸ್ ಹಿಲಿಯಾರ್ಡ್‌ನ ಕಿರುಚಿತ್ರಗಳಲ್ಲಿ ರಾಣಿಗೆ ಸುಕ್ಕೇ ಇಲ್ಲದ ಹುಡುಗಿಯ ಮುಖ ಬಂತು. ಆ ಹೊತ್ತಿನಲ್ಲಿ ನಿಂತು ಡಿಚ್ಲಿಯನ್ನು ನೋಡಿದರೆ ಆ ಮುಖ ಬರೆದವನ ಎದೆಗಾರಿಕೆ ತಿಳಿಯುತ್ತದೆ.

ಹೊಗಳಿಕೆಯ ಭಾಗವೂ ನೀವು ಹೇಳುವಷ್ಟು ಸರಳವಲ್ಲ. ಹೆನ್ರಿ ಲೀ ರಾಣಿಯ ಪರವಾಗಿ ಅಂಕಣದಲ್ಲಿ ಕುದುರೆಯೇರಿ ಭರ್ಜಿ ಹಿಡಿಯುತ್ತಿದ್ದ ವೀರ. 1590ರ ನವೆಂಬರ್ 17ರಂದು, ರಾಣಿ ಪಟ್ಟಕ್ಕೆ ಬಂದ ದಿನದ ವಾರ್ಷಿಕೋತ್ಸವದಲ್ಲಿ, ಆ ಗೌರವವನ್ನು ಬಿಟ್ಟುಕೊಟ್ಟು ನಿವೃತ್ತನಾದ. ರಾಣಿಯ ಸೇವೆಯಲ್ಲಿದ್ದು ಹೊರಬಿದ್ದಿದ್ದ ಆ್ಯನ್ ವಾವಸೋರ್ ಎಂಬಾಕೆಯೊಂದಿಗೆ ಬಹಿರಂಗವಾಗಿ ಸಂಸಾರ ಹೂಡಿದ. ರಾಣಿಗೆ ಇಂಥದ್ದು ಸಹಿಸುತ್ತಿರಲಿಲ್ಲ. 1592ರಲ್ಲಿ ಆಕೆ ಡಿಚ್ಲಿಗೆ ಬಂದಾಗ ಲೀ ಅದ್ದೂರಿಯಾಗಿ ಸತ್ಕರಿಸಿದ. ಈಗ ಚಿತ್ರದ ಮೇಲಿರುವ ಲ್ಯಾಟಿನ್ ಮಾತುಗಳನ್ನು ಓದಿ. ಒಂದರ ಭಾವ ಹೀಗಿದೆ: ಆಕೆ ಕೊಡುತ್ತಾಳೆ, ಮರಳಿ ಬಯಸುವುದಿಲ್ಲ. ಇನ್ನೊಂದು: ಆಕೆಗೆ ಸೇಡಿನ ಶಕ್ತಿಯಿದೆ, ಆದರೆ ತೀರಿಸಿಕೊಳ್ಳುವುದಿಲ್ಲ. ಈ ಎರಡನೆಯದು ಹೊಗಳಿಕೆಯಷ್ಟೇ ಅಲ್ಲ, ಅರ್ಜಿ. ಸಿಡಿಲು ದಾಟಿ ಹೋಗಲಿ, ಬಿಸಿಲು ಬರಲಿ ಎಂದು ಒಬ್ಬ ಮುದುಕ ಕೇಳಿಕೊಳ್ಳುತ್ತಿದ್ದಾನೆ.

ಪಶ್ಚಿಮವಾಹಿನಿ

ಅರ್ಜಿ ಎಂದರೂ ಅದು ಲೀಯ ಅರ್ಜಿಯಾಯಿತೇ ಹೊರತು ಗೇರಾರ್ಟ್ಸ್‌ನದಲ್ಲ. ಮುಖದ ಮಾತು ಒಪ್ಪತಕ್ಕದ್ದು. ಆದರೆ ವಸ್ತು, ಸಂಕೇತ, ಬರಹ ಎಲ್ಲವೂ ಹಣ ಕೊಟ್ಟವನದು. ಚಿತ್ರಕಾರ ಇಲ್ಲಿ ಬರೆಯುವ ಕೈ ಮಾತ್ರ. ಬೇರೆಯವರ ಚಿತ್ರಗಳಲ್ಲಾದರೂ ಆತ ಹೊರಗೆ ಬಂದಿದ್ದಾನೆಯೇ?

ಹಳೆಯ ಓದುಗ

ಕ್ಯಾಪ್ಟನ್ ಥಾಮಸ್ ಲೀಯ ಚಿತ್ರ ನೋಡಿ. 1594ರದು, ಲಂಡನ್ನಿನ ಟೇಟ್ ಕಲಾಸಂಸ್ಥೆಯ ಸಂಗ್ರಹದಲ್ಲಿದೆ. ಈ ಥಾಮಸ್ ಹೆನ್ರಿ ಲೀಯ ಬಂಧು, ಐರ್ಲೆಂಡಿನಲ್ಲಿ ರಾಣಿಯ ಸೈನಿಕನಾಗಿದ್ದವನು, ಆದರೆ ಅಲ್ಲಿನ ಬಂಡುಕೋರರೊಂದಿಗೆ ಶಾಮೀಲಾಗಿದ್ದಾನೆಂಬ ಗುಮಾನಿಗೆ ಗುರಿಯಾದವನು. ಚಿತ್ರದಲ್ಲಿ ಆತ ಮರದ ಕೆಳಗೆ ನಿಂತಿದ್ದಾನೆ. ಮೇಲೆ ಕಸೂತಿಯ ಬೆಲೆಬಾಳುವ ಅಂಗಿ, ಸೊಂಟದಲ್ಲಿ ಪಿಸ್ತೂಲು, ಕೈಯಲ್ಲಿ ಭರ್ಜಿ. ಸೊಂಟದ ಕೆಳಗೆ ಏನೂ ಇಲ್ಲ, ತೊಡೆಯಿಂದ ಪಾದದವರೆಗೆ ಬರಿಗಾಲು! ಐರ್ಲೆಂಡಿನ ಜೌಗು ನೆಲದಲ್ಲಿ ಓಡಾಡುವ ಕಾಲಾಳುಗಳು ಹಾಗೆಯೇ ಇರುತ್ತಿದ್ದರು. ಆಸ್ಥಾನದ ಭಾವಚಿತ್ರವೆಂದರೆ ಕತ್ತಿನ ಸುತ್ತ ನಿರಿಗೆಪಟ್ಟಿ, ಕಾಲಿಗೆ ರೇಷ್ಮೆ ಕಾಲುಚೀಲ ಎಂಬ ಕಾಲದಲ್ಲಿ ಆ ಬೆತ್ತಲೆ ಕಾಲುಗಳನ್ನು ಮೂಳೆ ಮಾಂಸಖಂಡ ಸಹಿತ ಬರೆದಿದ್ದಾನೆ ಗೇರಾರ್ಟ್ಸ್.

ಮರದ ಮೇಲೆ ರೋಮನ್ ಇತಿಹಾಸಕಾರ ಲಿವಿಯಿಂದ ತೆಗೆದ ಸಾಲು. ಶತ್ರುಪಾಳೆಯದಲ್ಲಿ ಸಿಕ್ಕಿಬಿದ್ದು, ತನ್ನ ಬಲಗೈಯನ್ನು ತಾನೇ ಬೆಂಕಿಯಲ್ಲಿ ಇಟ್ಟ ಮ್ಯೂಸಿಯಸ್ ಸ್ಕೆವೋಲಾ ಎಂಬ ವೀರನ ಮಾತು ಅದು. ಶತ್ರುಗಳ ನಡುವೆ ಓಡಾಡಿದರೂ ನಾನು ರೋಮಿನವನೇ ಎಂದು ಅವನು ಹೇಳಿದ ಹಾಗೆ, ನಾನು ರಾಣಿಯವನೇ ಎಂದು ಇವನು ಹೇಳುತ್ತಿದ್ದಾನೆ. ಚಿತ್ರ ಒಂದು ಪ್ರಮಾಣಪತ್ರವಿದ್ದಂತೆ. ಕೊನೆಗೆ ಅದು ಉಪಯೋಗಕ್ಕೆ ಬರಲಿಲ್ಲ. 1601ರ ಫೆಬ್ರುವರಿಯಲ್ಲಿ ಎಸೆಕ್ಸ್‌ನ ಅರ್ಲ್ ದಂಗೆಯೆದ್ದು ಸೆರೆಯಾದಾಗ, ಅವನ ಬಿಡುಗಡೆಗಾಗಿ ರಾಣಿಯನ್ನೇ ಹಿಡಿಯುವ ಯೋಚನೆ ಮಾಡಿದನೆಂದು ಥಾಮಸ್ ಲೀ ಆಕೆಯ ಕೋಣೆಯ ಬಾಗಿಲ ಬಳಿ ಸಿಕ್ಕಿಬಿದ್ದ. ಲಂಡನ್ನಿನ ವಧಾಸ್ಥಾನವಾದ ಟೈಬರ್ನ್‌ನಲ್ಲಿ ಮರಣದಂಡನೆಯಾಯಿತು. ಅದೇ ತಿಂಗಳು ಎಸೆಕ್ಸ್‌ನ ತಲೆಯೂ ಹೋಯಿತು. ಎಸೆಕ್ಸ್‌ನ ಆಳೆತ್ತರದ ಚಿತ್ರವನ್ನೂ ಬರೆದವನು ಗೇರಾರ್ಟ್ಸ್ ತಾನೇ: ಬಿಳಿಯ ಉಡುಪು, ಸ್ಪೇನಿನ ಕಾಡಿಜ್ ಬಂದರಿನ ಮೇಲಿನ ದಂಡಯಾತ್ರೆಯಲ್ಲಿ ಬಿಟ್ಟ ಗಡ್ಡ, ಹಿಂದೆ ಹೊತ್ತಿ ಉರಿಯುವ ಪಟ್ಟಣ. ಅದು ಈಗ ವೋಬರ್ನ್ ಅಬಿಯಲ್ಲಿದೆ.

ತಾನು ಬರೆದ ಇಬ್ಬರ ತಲೆ ಒಂದೇ ತಿಂಗಳಲ್ಲಿ ಉರುಳಿದರೂ ಈ ವಲಸಿಗನಿಗೆ ಏನೂ ಆಗಲಿಲ್ಲ. ಕೆಲಸವೂ ನಿಲ್ಲಲಿಲ್ಲ. ಆಸ್ಥಾನದ ಬಣಗಳ ನಡುವೆ ಅಷ್ಟು ಎಚ್ಚರದಿಂದ ನಡೆಯುವುದು ಎಲ್ಲರಿಗೂ ಸಾಧ್ಯವೇ?

ನೆರಳು ಬೆಳಕು

ಎಚ್ಚರ ಬೇಕೇ ಬೇಕಿತ್ತು. ಆ ಕಾಲದ ಲಂಡನ್ನಿನಲ್ಲಿ ಪರದೇಶಿಗಳ ಪಾಡು ಏನೆಂದು ಒಂದೆರಡು ಮಾತು ಸೇರಿಸುತ್ತೇನೆ. ಅವರು ಇಂಗ್ಲಿಷರಿಗಿಂತ ಎರಡರಷ್ಟು ತೆರಿಗೆ ಕಟ್ಟಬೇಕಿತ್ತು. ನಮ್ಮ ಕಸುಬು ಕಸಿಯುತ್ತಿದ್ದಾರೆ ಎಂಬ ಸ್ಥಳೀಯ ಸಂಘಗಳ ದೂರು ಎಂದಿಗೂ ನಿಲ್ಲಲಿಲ್ಲ. 1593ರ ಮೇ ತಿಂಗಳಲ್ಲಿ ಲಂಡನ್ನಿನ ಡಚ್ ಚರ್ಚಿನ ಗೋಡೆಗೆ ಯಾರೋ ಒಂದು ಪದ್ಯ ಅಂಟಿಸಿದರು. ದೇಶ ಬಿಟ್ಟು ತೊಲಗದಿದ್ದರೆ ಪೂಜೆಗೆ ಕೂತಲ್ಲಿಯೇ ಕತ್ತು ಕೊಯ್ಯುತ್ತೇವೆ ಎಂಬ ಬೆದರಿಕೆ ಅದರಲ್ಲಿತ್ತು. ಡಿಚ್ಲಿ ಚಿತ್ರದ ಬಣ್ಣ ಆರಿ ಒಂದು ವರ್ಷ ಆಗಿತ್ತೋ ಇಲ್ಲವೋ. ರಾಣಿಯ ಪಾದದ ಕೆಳಗೆ ಇಂಗ್ಲೆಂಡ್ ಬರೆದವನ ಸಮುದಾಯಕ್ಕೆ ಆ ಇಂಗ್ಲೆಂಡಿನಲ್ಲಿ ನಿಲ್ಲಲು ಜಾಗವಿಲ್ಲ ಎಂಬ ಕೂಗು.

ಆತ ಆ ನಾಡಿನ ಪ್ರಜೆಯ ಹಕ್ಕು ಪಡೆದದ್ದು 1618ರಲ್ಲಿ. ಅಲ್ಲಿ ಕಾಲಿಟ್ಟು ಅರ್ಧ ಶತಮಾನವಾಗಿತ್ತು. ಬೆಂಗಳೂರು, ಮುಂಬಯಿ, ಕೊಲ್ಲಿ ರಾಷ್ಟ್ರಗಳಲ್ಲಿ ಬೇರು ಬಿಟ್ಟವರು ಈ ಸಾಲನ್ನು ಓದುತ್ತ ಸ್ವಲ್ಪ ನಿಲ್ಲುತ್ತಾರೆ ಎಂದುಕೊಂಡಿದ್ದೇನೆ.

ಶುಶ್ರೂಷಕಿ

ಈ ವೇದಿಕೆಯಲ್ಲಿ ಓದುವುದೇ ಹೆಚ್ಚು, ಬರೆಯುವುದು ಕಡಿಮೆ. ಆದರೆ ಗೇರಾರ್ಟ್ಸ್ ಹೆಸರು ಬಂದಾಗ ಬಸುರಿ ಹೆಂಗಸರ ಚಿತ್ರಗಳ ಬಗ್ಗೆ ಯಾರೂ ಮಾತನಾಡದಿದ್ದರೆ ಚರ್ಚೆ ಅಪೂರ್ಣ. ನಾನು ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡುವವಳು.

ಟೇಟ್ ಸಂಸ್ಥೆ 2001ರಲ್ಲಿ ಕೊಂಡ ಒಂದು ಚಿತ್ರವಿದೆ, ಸುಮಾರು 1595ರದು. ಹೆಸರು ತಿಳಿಯದ ಶ್ರೀಮಂತ ಹೆಂಗಸು. ಮೈತುಂಬ ಮುತ್ತು. ಒಂದು ಕೈ ತುಂಬಿದ ಬಸುರಿನ ಮೇಲೆ. ಆ ಬೆರಳುಗಳನ್ನು ಗಮನಿಸಿ. ದಿನ ತುಂಬುತ್ತಿರುವ ಹೆಣ್ಣುಮಕ್ಕಳು ಕುಳಿತಲ್ಲಿ ನಿಂತಲ್ಲಿ ತಮಗೆ ಅರಿವಿಲ್ಲದೆ ಕೈ ಇಡುವುದು ಹಾಗೆಯೇ. ಅದನ್ನು ಎದುರಿಗೆ ಕುಳಿತು ಕಣ್ಣಾರೆ ನೋಡಿದವನು ಮಾತ್ರ ಬರೆಯಬಲ್ಲ. 1590ರಿಂದ ಸುಮಾರು ಮೂರು ದಶಕ ಇಂಗ್ಲೆಂಡಿನಲ್ಲಿ ಇಂಥ ಚಿತ್ರ ಬರೆಸುವ ರೂಢಿ ಇತ್ತು, ಅದರಲ್ಲಿ ಗೇರಾರ್ಟ್ಸ್‌ನ ಕೈ ಮುಂದು.

ಈಗ ಸೀಮಂತದ ದಿನ ಹಸಿರು ಬಳೆ ತೊಡಿಸಿ ಫೋಟೊ ತೆಗೆಸುವ ಹಾಗೆ ಅದೂ ಸಂಭ್ರಮದ ಚಿತ್ರವೇ. ಆದರೆ ಅದರ ಹಿಂದೆ ಭಯವೂ ಇತ್ತು. ಹೆರಿಗೆಯಲ್ಲಿ ಬದುಕಿ ಬರುತ್ತಾಳೋ ಇಲ್ಲವೋ, ಮುಖವಾದರೂ ಉಳಿಯಲಿ ಎಂಬ ಭಯ. ಎಲಿಜಬೆತ್ ಜೋಸ್ಲಿನ್ ಎಂಬ ಇಂಗ್ಲಿಷ್ ಹೆಂಗಸು ಹುಟ್ಟಲಿರುವ ಮಗುವಿಗೆ ಬುದ್ಧಿಮಾತು ಬರೆದಿಟ್ಟು, 1622ರಲ್ಲಿ ಹೆರಿಗೆಯಾದ ಒಂಬತ್ತನೆಯ ದಿನ ತೀರಿಕೊಂಡಳು. ಬರೆಯಬಲ್ಲವಳು ಬರೆದಳು, ಹಣವಿದ್ದವರು ಚಿತ್ರ ಬರೆಸಿದರು.

ಪೆನ್ಸ್‌ಹರ್ಸ್ಟ್ ಬಂಗಲೆಯಲ್ಲಿ 1596ರ ಇನ್ನೊಂದು ಚಿತ್ರವಿದೆ: ಬಾರ್ಬರಾ ಗ್ಯಾಮೇಜ್ ಆರು ಮಕ್ಕಳೊಂದಿಗೆ ನಿಂತಿರುವುದು. ಗಂಡ ರಾಬರ್ಟ್ ಸಿಡ್ನಿ ಆಗ ಕಡಲಾಚೆ ಫ್ಲಷಿಂಗ್ ಕೋಟೆಯ ಅಧಿಕಾರಿ. ತಾಯಿಯ ಎರಡು ಕೈಗಳೂ ಗಂಡುಮಕ್ಕಳ ಮೇಲಿವೆ, ಅವರಿನ್ನೂ ಆ ಕಾಲದ ಚಿಕ್ಕ ಹುಡುಗರ ಹಾಗೆ ಲಂಗ ತೊಡುವ ವಯಸ್ಸಿನವರು.

ಗೇರಾರ್ಟ್ಸ್ ಮತ್ತು ಮ್ಯಾಗ್ಡಲೀನಾಗೆ ಆರು ಮಕ್ಕಳು ಹುಟ್ಟಿದರು. ಬೆಳೆದು ದೊಡ್ಡವರಾದದ್ದು ಇಬ್ಬರು ಗಂಡುಮಕ್ಕಳು ಮಾತ್ರ ಎಂದು ಕಾಣುತ್ತದೆ. ಇಂಥ ಚಿತ್ರಗಳನ್ನು ಬರೆಯುತ್ತಿದ್ದ ವರ್ಷಗಳಲ್ಲಿಯೇ ಅವನ ಮನೆಯಲ್ಲಿ ತೊಟ್ಟಿಲು ತೂಗುತ್ತಿತ್ತು, ಬರಿದಾಗುತ್ತಲೂ ಇತ್ತು. ಕಲಾವಿದ ಎಲ್ಲಿ ಹೊರಗೆ ಬಂದಿದ್ದಾನೆ ಎಂದು ಮೇಲೆ ಕೇಳಿದ್ದರು. ನನ್ನ ಉತ್ತರ ಆ ಹೆಂಗಸಿನ ಕೈ.

ಪಶ್ಚಿಮವಾಹಿನಿ

ಈ ಉತ್ತರಕ್ಕೆ ಎದುರು ಹೇಳಲು ನನ್ನಲ್ಲಿ ಏನೂ ಇಲ್ಲ. ಧನ್ಯವಾದಗಳು.

ಬಣ್ಣದ ಡಬ್ಬಿ

ಆಮೇಲೆ ಏನಾಯಿತು? ಎಲಿಜಬೆತ್ ಹೋದ ಮೇಲೂ ಮೂವತ್ತಮೂರು ವರ್ಷ ಬದುಕಿದ್ದಾನಲ್ಲ.

ಕುಂಚಮಿತ್ರ

1603ರಲ್ಲಿ ಜೇಮ್ಸ್ ಪಟ್ಟಕ್ಕೆ ಬಂದ ಮೇಲೆ ಗೇರಾರ್ಟ್ಸ್‌ಗೆ ಆಸರೆಯಾದವಳು ರಾಣಿ ಆ್ಯನ್, ಡೆನ್ಮಾರ್ಕಿನ ರಾಜಕುಮಾರಿ. ಆಕೆಯ ಮೆಚ್ಚಿನ ಚಿತ್ರಕಾರ ಆದ. ರಾಜಮನೆತನದವರ ಚಿತ್ರಗಳಿಗಾಗಿ 1611ರಲ್ಲಿ ಖಜಾನೆಯಿಂದ ಹಣ ಸಂದಿತು. 1619ರಲ್ಲಿ ಆ್ಯನ್ ತೀರಿಕೊಂಡಾಗ ಶವಯಾತ್ರೆಯಲ್ಲಿ ಆಕೆಯ ಚಿತ್ರಕಾರನಾಗಿ ನಡೆದ. ನನ್ನ ಮೂಲ ಪ್ರಶ್ನೆಗೆ ಇಲ್ಲಿ ಅರ್ಧ ಉತ್ತರ ಸಿಗುತ್ತದೆ: ಎರಡನೆಯ ಆಳ್ವಿಕೆಯಲ್ಲಿ ಈತ ನಿಜಕ್ಕೂ ಅರಮನೆಯವನು. ಆದರೆ ಅಷ್ಟರಲ್ಲಿ ಗಾಳಿ ತಿರುಗಿತ್ತು. ಪಾಲ್ ವ್ಯಾನ್ ಸೋಮರ್ ಬಂದಿದ್ದ, ಅವನ ಹಿಂದೆಯೇ ಡೇನಿಯಲ್ ಮೈಟನ್ಸ್. ಇಬ್ಬರೂ ತಗ್ಗುನಾಡುಗಳವರೇ. ಗೇರಾರ್ಟ್ಸ್‌ನ ಮುತ್ತು, ಕಸೂತಿ, ಲ್ಯಾಟಿನ್ ಸಾಲುಗಳು ಅವರ ಮುಂದೆ ಹಳೆಯ ಕಾಲದವು ಎನ್ನಿಸತೊಡಗಿದವು.

ಆತ ಸುಮ್ಮನೆ ಕೂರಲಿಲ್ಲ. ವಿದ್ವಾಂಸರ, ಊರಿನ ಗಣ್ಯರ ಚಿತ್ರಗಳಿಗೆ ತಿರುಗಿದ. ಇತಿಹಾಸಕಾರ ವಿಲಿಯಂ ಕ್ಯಾಮ್ಡನ್ ಚಿತ್ರ 1609ರದು, ಸರ್ ಹೆನ್ರಿ ಸ್ಯಾವಿಲ್ ಚಿತ್ರ 1621ರದು, ಎರಡೂ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿವೆ. ಕ್ಯಾಮ್ಡನ್ ಮುಖ ನನಗೆ ಬಹಳ ಪ್ರಿಯ. ಕಪ್ಪು ಉಡುಪು, ಬಿಳಿಯ ಕತ್ತುಪಟ್ಟಿ, ಅಷ್ಟೇ. ಸಂಕೇತಗಳ ಗೋಜಿಲ್ಲದೆ ಒಬ್ಬ ಓದುವ ಮನುಷ್ಯ. 1620ರ ದಶಕದಲ್ಲಿ ಲಂಡನ್ನಿನ ಚಿತ್ರಕಾರರ ಸಂಘದ ಆಡಳಿತದಲ್ಲಿಯೂ ಆತನಿಗೆ ಸ್ಥಾನ ಸಿಕ್ಕಿತು. ಪರದೇಶಿ ಕುಂಚಗಾರರ ಮೇಲೆ ದೂರುವ ಸಂಘದಲ್ಲಿ ಬ್ರೂಜ್‌ನವನೊಬ್ಬ ಕುಳಿತ. 1632ರಲ್ಲಿ ಆಂಟ್‌ವರ್ಪ್‌ನ ವ್ಯಾನ್ ಡೈಕ್ ಬಂದು ಮೊದಲನೆಯ ಚಾರ್ಲ್ಸ್‌ನಿಂದ ಸರ್ ಪದವಿ ಪಡೆದ. ಅದಾದ ನಾಲ್ಕೇ ವರ್ಷಕ್ಕೆ ಗೇರಾರ್ಟ್ಸ್ ತೀರಿಕೊಂಡ. ಆತನ ಮುಖ ನಮಗೆ ತಿಳಿದಿರುವುದು 1627ರಲ್ಲಿ ತಾನೇ ಬರೆದುಕೊಂಡ ಚಿತ್ರವನ್ನು ನೋಡಿ ವೆನ್ಸಲಾಸ್ ಹಾಲರ್ ಕೊರೆದ ಅಚ್ಚಿನಿಂದ.

ನೆರಳು ಬೆಳಕು

ಹ್ಯಾಟ್‌ಫೀಲ್ಡ್ ಬಂಗಲೆಯಲ್ಲಿರುವ ‘ಕಾಮನಬಿಲ್ಲಿನ ಚಿತ್ರ’ವನ್ನು ನೀವು ಯಾರೂ ಸೇರಿಸಲಿಲ್ಲ. ಕಣ್ಣು ಕಿವಿಗಳನ್ನು ಚಿತ್ರಿಸಿದ ಮೇಲುಹೊದಿಕೆ ಹೊದ್ದು ಕಾಮನಬಿಲ್ಲು ಹಿಡಿದ ಎಲಿಜಬೆತ್. ಎಷ್ಟೋ ಕಡೆ ಅದು ಗೇರಾರ್ಟ್ಸ್‌ನದೆಂದೇ ಬರೆದಿರುತ್ತಾರೆ.

ಕುಂಚಮಿತ್ರ

ಬೇಕೆಂದೇ ಬಿಟ್ಟೆ. ಅದು ಸುಮಾರು 1600ರಿಂದ 1602ರ ನಡುವಿನದು. ಕೆಲವರು ಗೇರಾರ್ಟ್ಸ್ ಎನ್ನುತ್ತಾರೆ, ಕೆಲವರು ಆಲಿವರ್ ಎನ್ನುತ್ತಾರೆ. ಆ ಹೊದಿಕೆಯ ಮಡಿಕೆ, ಹೂವಿನ ಕಸೂತಿ ಗೇರಾರ್ಟ್ಸ್‌ನ ಕಾರ್ಖಾನೆಯದು ಎಂಬ ಕಡೆಗೆ ನನ್ನ ಒಲವು. ಭಾವಮೈದುನರು ಒಬ್ಬರ ಮಾದರಿಯನ್ನು ಇನ್ನೊಬ್ಬರು ಬಳಸಿದ್ದರೆ ಅದರಲ್ಲಿ ಅಚ್ಚರಿಯೇನೂ ಇಲ್ಲ.

ಹಳೆಯ ಓದುಗ

ಇದನ್ನು ನಾನು ಒಪ್ಪಲಾರೆ. ರಾಣಿಗೆ ಎಪ್ಪತ್ತು ಹತ್ತಿರವಾಗಿದ್ದಾಗ ಬರೆದ ಆ ಚಿತ್ರದಲ್ಲಿ ಇಪ್ಪತ್ತರ ಹುಡುಗಿಯ ಮುಖವಿದೆ. ಡಿಚ್ಲಿಯಲ್ಲಿ ಆ ಕೆನ್ನೆಯನ್ನು ಕಂಡವನು ಹತ್ತು ವರ್ಷದ ನಂತರ ಈ ಮುಖ ಬರೆದನೆಂದು ನಂಬಲು ನನಗೆ ಹೊದಿಕೆಯ ಕಸೂತಿಗಿಂತ ಗಟ್ಟಿಯಾದ ಸಾಕ್ಷಿ ಬೇಕು. ಎರಡೂ ಚಿತ್ರಗಳ ಕಣ್ಣಿನ ರೆಪ್ಪೆ ಮತ್ತು ತುಟಿಯ ಅಂಚನ್ನು ಅಕ್ಕಪಕ್ಕ ಇಟ್ಟು ನೋಡಿ, ಆಮೇಲೆ ಬರೆಯಿರಿ.